ಸೂಪಿನ ಪಕ್ಕದ ಎಲೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅತ್ತಿಗೆ,

ನಿಮ್ಮ ಇಲಿಮರಿಯ ನಮಸ್ಕಾರಗಳು. ನಾನು ಕ್ಷೇಮ ಎಂದು ಬರೆದರೆ ನೀವು ನಂಬುವವರಲ್ಲ. “ಅದಿರ್ಲಿ, ಏನ್ ತಿಂದೆ ಅದನ್ನ ಹೇಳು” ಅನ್ನುತ್ತೀರಿ. ಆದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ: ಬೆಳಿಗ್ಗೆ ಟೊಮೆಟೊ ಬೇಯಿಸಿ ಬ್ರೆಡ್ಡಿನ ಮೇಲೆ ಹಾಕಿಕೊಂಡು, ಮೇಜಿನ ಮುಂದೆ ಕೂತು ತಿಂದೆ. ನಿಂತುಕೊಂಡು ತಿನ್ನಲಿಲ್ಲ. ಸರಿಯಾ?

ನಿಮ್ಮ ಪತ್ರ ಬಂತು. ಓದಿ ಸಿಟ್ಟು ಬಂತು. ಸಿಟ್ಟು ಇಳಿಯಲಿ ಎಂದು ಇಷ್ಟು ದಿನ ಉತ್ತರ ಬರೆಯಲಿಲ್ಲ. ಇಳಿಯುವ ಲಕ್ಷಣ ಕಾಣದ್ದರಿಂದ ಇವತ್ತು ಬರೆಯುತ್ತಿದ್ದೇನೆ. ನೀವಿರುವ ಮನೆಯನ್ನು ಮಾಲೀಕರು ಮಾರುತ್ತಾರೆ, ನೀವು ಖಾಲಿ ಮಾಡಬೇಕು, ಅದು ನಮ್ಮ ಕೈಯಲ್ಲಿಲ್ಲ. ಆದರೆ ಯಾವುದೋ ದೂರದ ಹಾಸ್ಟೆಲಿನಲ್ಲಿ ಉಸ್ತುವಾರಿ ಕೆಲಸಕ್ಕೆ ಸೇರಿ, ಅಲ್ಲೇ ಒಂದು ಕೋಣೆ ತೆಗೆದುಕೊಂಡು ಇರುತ್ತೀರಂತೆ. ಈ ವಾರದೊಳಗೆ ಅವರಿಗೆ ಒಪ್ಪಿಗೆ ತಿಳಿಸಬೇಕಂತೆ. ನನ್ನ ಜೊತೆ ಬಂದಿರಿ ಎಂದು ನಾನು ಬಾಯಿ ನೋಯುವಷ್ಟು ಕರೆದದ್ದಕ್ಕೆ ನಿಮ್ಮ ಉತ್ತರ ಒಂದೇ ಸಾಲು: “ನನ್ನ ಊಟದ ರಗಳೆ ನಿನಗ್ಯಾಕೆ.”

ಅತ್ತಿಗೆ, ನೀವು ಯಾಕೆ ಹಾಗೆ ಬರೆದಿರಿ ಎಂದು ನನಗೆ ಗೊತ್ತು. ಹೋದ ಸಲ ನೀವು ಇಲ್ಲಿಗೆ ಬಂದಾಗ ನಿಮ್ಮನ್ನು ಚೌಕದ ದೊಡ್ಡ ಕೆಫೆಗೆ ಕರೆದುಕೊಂಡು ಹೋಗಿದ್ದೆ. ತರಕಾರಿ ಸ್ಯಾಂಡ್‌ವಿಚ್ ಎಂದು ತಂದಿಟ್ಟರು. ಒಂದು ತುದಿ ಬಿಡಿಸಿ ನೋಡಿದಿರಿ. ಒಳಗೆ ಬೆಣ್ಣೆ, ಅದರ ಮೇಲೆ ಚೀಸು. ಕಾಗದದ ಕರವಸ್ತ್ರದಲ್ಲಿ ಸುತ್ತಿ ನನ್ನ ತಟ್ಟೆಗೆ ಸರಿಸಿ, “ಹಸಿವಿಲ್ಲ ಕಣೇ, ನೀನೇ ತಿನ್ನು” ಅಂದಿರಿ. ಆಮೇಲೆ ಮೆಟ್ಟಿಲ ಹತ್ತಿರ ಬೆನ್ನು ತಿರುಗಿಸಿ ನಿಂತು ಡಬ್ಬಿಯಿಂದ ತಣ್ಣನೆಯ ಆಲೂಗೆಡ್ಡೆ ತಿಂದಿರಿ. ನಾನು ಗಾಜಿನಲ್ಲಿ ನೋಡಿದೆ. ನೋಡಿದ್ದು ನಿಮಗೆ ಗೊತ್ತಾಗದಿರಲಿ ಎಂದು ಬಿಲ್ಲಿನ ವಿಷಯಕ್ಕೆ ಸುಮ್ಮನೆ ಜಗಳ ತೆಗೆದೆ.

ಮಾಂಸ ನಿಮಗೆ ಮೊದಲಿನಿಂದಲೂ ಬೇಡ. ಹಾಲು ಬಿಟ್ಟದ್ದು ಡೈರಿಯಲ್ಲಿ ಕ್ಯಾನು ತೊಳೆಯುವ ಕೆಲಸಕ್ಕಿದ್ದಾಗ. ಒಂದು ಸಂಜೆ ಮನೆಗೆ ಬಂದು, ಕರುಗಳನ್ನು ಲಾರಿಗೆ ಹತ್ತಿಸುವುದನ್ನು ನೋಡಿದೆ ಎಂದಷ್ಟೇ ಹೇಳಿ, ಎದುರಿಗಿದ್ದ ಲೋಟವನ್ನು ಅಣ್ಣನ ಕಡೆ ತಳ್ಳಿದಿರಿ. ನಾವು ನಾಲ್ಕು ದಿನದ ಹುಚ್ಚು ಅಂದುಕೊಂಡೆವು. ನೆಂಟರಂತೂ ಬಿಡಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ, ಇವಳಿಗೆ ಕೆಸರೇ ಗತಿ ಎಂದು ಚಿಕ್ಕಪ್ಪ ನಗಾಡಿದ್ದು ನೆನಪಿದೆಯಾ? ಅವತ್ತಿನಿಂದ ಎಲ್ಲಿಗೆ ಹೋದರೂ ನಿಮ್ಮ ಚೀಲದಲ್ಲಿ ಡಬ್ಬಿ. ಅಣ್ಣ ತೀರಿಕೊಂಡ ಮೇಲೆ ಹೊರಗೆ ಹೋಗುವುದನ್ನೇ ಕಡಿಮೆ ಮಾಡಿಬಿಟ್ಟಿರಿ.

ಮನೆಯಲ್ಲೇ ಮಾಡಿಕೊಂಡು ತಿನ್ನುತ್ತೇನೆ, ಹೊರಗೆ ಯಾಕೆ ಎಂದು ಈಗ ಕೇಳುತ್ತೀರಿ. ನೀವು ಇಲ್ಲಿಗೆ ಬಂದು ನಾಲ್ಕು ಗೋಡೆ ನೋಡುತ್ತಾ ನನಗೆ ಬೇಯಿಸಿ ಹಾಕುವುದಾದರೆ ಆ ಹಾಸ್ಟೆಲು ಏನು ಪಾಪ ಮಾಡಿತ್ತು? ನಮ್ಮ ಮನೆಗೆ ಕಾಲಿಟ್ಟ ದಿನದಿಂದ ಬರೀ ಬಡಿಸಿದ್ದೀರಿ. ನೀವು ಒಂದು ಮೇಜಿನ ಮುಂದೆ ಕೂರಬೇಕು, ಬೇರೆ ಯಾರೋ ಮಾಡಿದ್ದು ಬಿಸಿಬಿಸಿಯಾಗಿ ಬರಬೇಕು, ನೀವು ಅದನ್ನು ಬಿಡಿಸಿ ನೋಡದೆ ತಿನ್ನಬೇಕು. ನನ್ನ ಆಸೆ ಇಷ್ಟೇ. ಅದಕ್ಕಾಗಿ ಈ ಊರಿನ ಕೆಫೆಗಳನ್ನು ಜಾಲಾಡಿದ್ದೇನೆ. ಹೇಗೆ ಶುರುವಾಯಿತು ಎನ್ನುವುದನ್ನು ಹೇಳಿದರೆ ನೀವು ನಗುತ್ತೀರಿ, ನಗಿ.

ನನ್ನ ಕೆಲಸ ನಿಮಗೆ ಗೊತ್ತು. ಕೆಫೆಗಳು ಬಾಗಿಲು ತೆಗೆಯುವ ಮುಂಚೆ ಸ್ಟೂಲು ಹತ್ತಿ, ಕಪ್ಪು ಬೋರ್ಡಿನ ಮೇಲೆ ಆ ದಿನದ ತಿಂಡಿಗಳನ್ನು ಸೀಮೆಸುಣ್ಣದಲ್ಲಿ ಬರೆಯುವುದು. ಒಳಗಿನಿಂದ ಅಡುಗೆಯವರು ಕೂಗುತ್ತಾರೆ, ನಾನು ಬರೆಯುತ್ತೇನೆ. ದಿನವೂ ಬದಲಾಗುವ ತಿಂಡಿಗೆ ಬರೀ ಸೀಮೆಸುಣ್ಣದ ಕಡ್ಡಿ. ಬಹಳ ದಿನ ಇರಬೇಕಾದ ಹೆಸರಿಗೆ ಸಕ್ಕರೆ ನೀರಿನಲ್ಲಿ ನೆನೆಸಿದ ಕಡ್ಡಿ. ನೆನೆಸಿದ್ದು ಗೋಂದಿನಂತೆ ಹಿಡಿದುಕೊಳ್ಳುತ್ತದೆ, ಸುಮ್ಮನೆ ಕೈ ತಾಗಿದರೆ ಅಳಿಸದು. ಬೋರ್ಡಿನ ಮೇಲೆ ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಚಿಕ್ಕಂದಿನಲ್ಲಿ ನಿಮ್ಮ ಅಡುಗೆಮನೆಯ ಗೋಡೆಯನ್ನೇ ಬಿಟ್ಟವಳಲ್ಲ. ಆಸ್ಪತ್ರೆಯ ಎದುರಿಗಿನ ಕೆಫೆಯಲ್ಲಿ ಹಾಗೇ ಆಯಿತು. “ತರಕಾರಿ ಸೂಪ್” ಎಂದು ಬರೆದ ಮೇಲೆ ಪಕ್ಕದಲ್ಲಿ ಬೆರಳಗಲ ಜಾಗ ಉಳಿಯಿತು. ಒಂದು ಹಸಿರು ಎಲೆ ಬಿಡಿಸಿದೆ. ಚೆನ್ನಾಗಿ ಬಂತು. ಮರುದಿನವೂ ಬಿಡಿಸಿದೆ.

ಒಂದು ಬೆಳಿಗ್ಗೆ ನಾನು ಸ್ಟೂಲಿನ ಮೇಲಿದ್ದಾಗ ಆಸ್ಪತ್ರೆಯ ನರ್ಸಮ್ಮ ಒಬ್ಬರು ಒಳಗೆ ಬಂದು, ಈ ಎಲೆ ಬಿಡಿಸಿದ್ದು ಯಾರು ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಹಸಿರು ಹಿಡಿದ ಬೆರಳನ್ನು ಸೆರಗಿಗೆ ಒರೆಸಿಕೊಂಡೆ. ಅವರೂ ನಿಮ್ಮ ಹಾಗೆಯೇ, ಹಾಲು ಬೆಣ್ಣೆ ಮುಟ್ಟುವುದಿಲ್ಲ. ಎಲೆ ಕಂಡು, ಇದು ತಮ್ಮಂಥವರಿಗೇ ಹಾಕಿದ ಗುರುತು ಎಂದು ದಿನವೂ ಆ ಸೂಪು ಕುಡಿದಿದ್ದಾರೆ. ಹಿಂದಿನ ದಿನ ಅಡುಗೆಯವನು ಕೆನೆ ಸುರಿಯುವುದನ್ನು ಕಣ್ಣಾರೆ ಕಂಡಿದ್ದಾರೆ. ಅವರು ಕೂಗಾಡಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. “ನಂಬಿಬಿಟ್ಟಿದ್ದೆ ಕಣಮ್ಮ” ಎಂದಷ್ಟೇ ಹೇಳಿ ಡ್ಯೂಟಿಗೆ ಹೋದರು. ನನಗೆ ಮೆಟ್ಟಿಲ ಹತ್ತಿರ ಬೆನ್ನು ತಿರುಗಿಸಿ ನಿಂತ ನೀವು ಕಂಡಿರಿ. ಅವತ್ತು ಇನ್ನೆರಡು ಬೋರ್ಡು ಬರೆಯಬೇಕಿತ್ತು, ಎರಡರಲ್ಲೂ ತಪ್ಪು ಬರೆದೆ.

ಕೆಫೆಯ ಮಾಲೀಕರಿಗೆ ನಾನು ಇಟ್ಟ ಹೆಸರು ಗೊಣಗಪ್ಪ. ಎದುರಿಗೆ ಸಾರ್ ಎನ್ನುತ್ತೇನೆ, ಹೆದರಬೇಡಿ. ಅವರು, ಇಷ್ಟಕ್ಕೆಲ್ಲಾ ಯಾಕೆ ಗೋಳು, ಎಲೆ ಅಳಿಸಿ ಕೆಲಸ ಮುಗಿಸು ಅಂದರು. ನನಗೆ ಎಲ್ಲಿಂದ ಧೈರ್ಯ ಬಂತೋ, “ಎಲೆ ಅಳಿಸಲ್ಲ ಸಾರ್, ಸೂಪು ಬದಲಾಯಿಸಿ” ಅಂದೆ. ಸೂಪು ನಿಮ್ಮಪ್ಪ ಬಂದು ಮಾಡ್ತಾರಾ ಎಂದು ಕೇಳಿದರು. ಇಲ್ಲ ಸಾರ್, ನಾನೇ ಮಾಡ್ತೀನಿ ಅಂದೆ. ನನಗೆ ಬರುವುದು ಬ್ರೆಡ್ಡು ಟೊಮೆಟೊ ಮಾತ್ರ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಅದಕ್ಕೂ ಮುಂಚೆ, ನಾನು ಬರೆಯುವ ಬೇರೆ ಬೋರ್ಡುಗಳ ತಿಂಡಿಗಳಲ್ಲಿ ಏನಿದೆ ಎಂದು ತಿಳಿದುಕೊಳ್ಳಬೇಕಿತ್ತು. ಅಡುಗೆಯವರು ತಿಂಡಿಯ ಹೆಸರು ಕೂಗಿದಾಗಲೆಲ್ಲಾ, ಅದರಲ್ಲಿ ಏನೇನಿದೆ ಎಂದು ಕೇಳಿಯೇ ಬರೆಯತೊಡಗಿದೆ. ಅಯ್ಯೋ ಅತ್ತಿಗೆ, ಏನೇನು ಕೇಳಿಸಿಕೊಂಡೆ! ಒಬ್ಬರು, ಪೂರ್ತಿ ಸಸ್ಯಾಹಾರ, ಕಣ್ಣುಮುಚ್ಚಿ ತಿನ್ನಬಹುದು, ರುಚಿಗೆ ಒಂಚೂರು ಕೋಳಿ ಬೇಯಿಸಿದ ನೀರು ಹಾಕ್ತೀವಿ ಅಷ್ಟೇ ಎಂದರು. ಇನ್ನೊಬ್ಬರಿಗೆ ಬೆಣ್ಣೆ ಹಾಲಿನಿಂದ ಬರುತ್ತದೆ ಎನ್ನುವುದು ಗೊತ್ತಿದ್ದರೂ ಅದು ಲೆಕ್ಕಕ್ಕಿಲ್ಲ. ಚೌಕದ ಆ ದೊಡ್ಡ ಕೆಫೆಯವರು ಈಗ ನಿಮ್ಮಂಥವರಿಗೆಂದೇ ಹೊಸದಾಗಿ ಏನೋ ಶುರುಮಾಡಿದ್ದಾರೆ ಎಂದು ಓಡಿಹೋಗಿ ನೋಡಿದೆ. ದೊಡ್ಡ ತಟ್ಟೆಯಲ್ಲಿ ಒಂದು ಹಿಡಿ ಸೊಪ್ಪು, ಅದರ ಮೇಲೆ ಮೂರು ಚೂರು ಸೌತೆಕಾಯಿ. ಮೊಲಕ್ಕೆ ಕೊಟ್ಟಿದ್ದರೆ ಮೊಲವೂ ಪಕ್ಕದ ಕೆಫೆಗೆ ಹೋಗುತ್ತಿತ್ತು.

ಆದರೆ ಎಲ್ಲಾ ಹಾಗಲ್ಲ, ಇದನ್ನು ಗಮನವಿಟ್ಟು ಓದಿ. ಬಸ್ ಡಿಪೋದ ಹಿಂದೆ ಒಬ್ಬ ಅಕ್ಕ ಒಂದೇ ಒಲೆಯ ಕೆಫೆ ನಡೆಸುತ್ತಾರೆ. ಡ್ರೈವರುಗಳು ಅಲ್ಲಿಯೇ ತಿನ್ನುವುದು. ಬೆಳ್ಳುಳ್ಳಿ, ಟೊಮೆಟೊ ಹಾಕಿ ಬೀನ್ಸ್ ಕಾಳನ್ನು ಮೆತ್ತಗೆ ಬೇಯಿಸಿ, ಎಣ್ಣೆಯಲ್ಲಿ ಗರಿಗರಿ ಕಾಯಿಸಿದ ಬ್ರೆಡ್ಡಿನ ಜೊತೆ ಕೊಡುತ್ತಾರೆ. ಹಾಲು ಬೆಣ್ಣೆ ಯಾಕಿಲ್ಲ ಎಂದು ಕೇಳಿದೆ. ಇಡಲು ಫ್ರಿಜ್ಜಿಲ್ಲ ತಾಯಿ ಅಂದರು! ಗ್ರಂಥಾಲಯದ ನೆಲಮಾಳಿಗೆಯಲ್ಲಿ ಅಣಬೆ ಮತ್ತು ಆಲೂಗೆಡ್ಡೆ ತುಂಬಿ ಬೇಯಿಸಿದ ಕಡುಬಿನಂಥದ್ದು ಸಿಗುತ್ತದೆ. ಹೊರಗಿನ ಹಿಟ್ಟನ್ನು ಎಣ್ಣೆಯಲ್ಲೇ ಕಲಸುತ್ತಾರೆ. ಅಲ್ಲಿನ ಮೀಸೆಯ ಅಡುಗೆಯವರು ನನ್ನನ್ನು ಒಳಗೆ ಕರೆದು ಡಬ್ಬಗಳನ್ನೆಲ್ಲಾ ತೆರೆದು ತೋರಿಸಿದರು. ಕಿಟಕಿಯ ಹತ್ತಿರ ಇಬ್ಬರು ಕೂರುವ ಮೇಜಿದೆ. ಕೂತರೆ ಬೀದಿಯಲ್ಲಿ ಹೋಗುವವರ ಕಾಲು ಮಾತ್ರ ಕಾಣುತ್ತದೆ. ಚಪ್ಪಲಿ ನೋಡಿ ಅವರು ಎಂಥವರು ಎಂದು ಹೇಳುವ ನಿಮ್ಮ ಆಟಕ್ಕೆ ಹೇಳಿ ಮಾಡಿಸಿದ ಜಾಗ. ನಾನು ಒಬ್ಬಳೇ ಆಡಿ ನೋಡಿದೆ, ಒಬ್ಬಳೇ ಆಡಿದರೆ ಅದರಲ್ಲಿ ಮಜಾ ಇಲ್ಲ.

ಈಗ ಸೂಪಿಗೆ ಬರುತ್ತೇನೆ. ಯಾವುದು ಮಾಡುವುದು ಎಂದು ಯೋಚಿಸಬೇಕಾಗಲೇ ಇಲ್ಲ. ನೀವು ಮದುವೆಯಾಗಿ ಬಂದ ಹೊಸತು. ನಮ್ಮಮ್ಮ ತೀರಿಕೊಂಡು ವರ್ಷವಾಗಿತ್ತು. ನನಗೆ ಜ್ವರ, ಹಾಲು ಕಂಡರೆ ವಾಕರಿಕೆ. ನೀವು ಸಿಹಿಗುಂಬಳವನ್ನು ಸಿಪ್ಪೆಯ ಸಮೇತ ಕೆಂಡದ ಮೇಲೆ ಸುಟ್ಟು, ಕಡಲೆಕಾಯಿ ಬೀಜ ಹುರಿದು ಅರೆದು ಅದಕ್ಕೆ ಸೇರಿಸಿ, ಚಮಚದಲ್ಲಿ ಕುಡಿಸಿದಿರಿ. ಆ ಜ್ವರದಲ್ಲಿ ನಾನು ನಿಮ್ಮನ್ನು “ಅಮ್ಮಾ” ಎಂದೆ. ನೀವು ನನ್ನ ಹಣೆ ಒರೆಸುತ್ತಾ, “ಅತ್ತಿಗೆ ಅನ್ನು ಇಲಿಮರಿ. ಆ ಹೆಸರು ನಿಮ್ಮಮ್ಮಂದು, ಅವರ ಹತ್ರಾನೇ ಇರ್ಲಿ” ಅಂದಿರಿ. ನಾನು ಅದೇ ಪ್ರಕಾರ ನಡೆದುಕೊಂಡಿದ್ದೇನೆ. ಸೂಪು ಮಾತ್ರ ನಾಲಿಗೆಯಿಂದ ಹೋಗಲಿಲ್ಲ.

ಹೋದ ಭಾನುವಾರ ಗೊಣಗಪ್ಪನವರ ಅಡುಗೆಮನೆಯಲ್ಲಿ ಮೊದಲ ಪಾತ್ರೆ ಕೆಟ್ಟಿತು. ಬೀಜದ ಸಿಪ್ಪೆ ತೆಗೆಯದೆ ಅರೆದುಬಿಟ್ಟಿದ್ದೆ, ಒಗರು. ಎರಡನೆಯದರಲ್ಲಿ ಕುಂಬಳವನ್ನು ಬೇಯಿಸಿದೆ, ಸಪ್ಪೆ. ಸುಡಬೇಕಿತ್ತಲ್ಲಾ ಎಂದು ನೆನಪಾಗಿ, ಮೂರನೆಯದನ್ನು ಬರ್ನರಿನ ಉರಿಯ ಮೇಲೇ ಇಟ್ಟೆ. ಅಡುಗೆಮನೆಯ ತುಂಬಾ ಹೊಗೆ, ಗೊಣಗಪ್ಪನವರ ಗೊಣಗಾಟ. ಕರಿ ಸಿಪ್ಪೆ ಸುಲಿದು, ಅರೆದ ಬೀಜ ಬೆರೆಸಿ, ಒಂದು ಚಮಚ ಬಾಯಿಗಿಟ್ಟಾಗ ಅದೇ ರುಚಿ. ನಾನು ಹೊಗೆಯ ನೆಪದಲ್ಲಿ ಕಣ್ಣು ಒರೆಸಿಕೊಂಡೆ. ಗೊಣಗಪ್ಪನವರು ಒಂದು ಬಟ್ಟಲು ಕುಡಿದರು. ಎರಡನೆಯದನ್ನು ತಾವೇ ಬಡಿಸಿಕೊಂಡರು.

ಸೋಮವಾರ ನರ್ಸಮ್ಮನನ್ನು ನಾನೇ ಆಸ್ಪತ್ರೆಯ ಗೇಟಿನಿಂದ ಕರೆತಂದೆ. ಒಳಗೆ ಏನಿದೆ ಎಂದು ಎಲ್ಲಾ ಹೇಳಿದೆ. ಅವರು ಬಟ್ಟಲು ಬರಿದು ಮಾಡಿ, ತಳವನ್ನು ಬ್ರೆಡ್ಡಿನಿಂದ ಒರೆಸಿ ತಿಂದರು. ಹಾಲು ಕುಡಿದಷ್ಟು ಸಂತೋಷವಾಯಿತು ಎಂದು ಬರೆಯೋಣವೆಂದರೆ ನಿಮ್ಮ ಮುಂದೆ ಆ ಮಾತೂ ಆಡುವಂತಿಲ್ಲ. ಈಗ ಎಲೆ ಬೋರ್ಡಿನಲ್ಲೇ ಇದೆ. ಮಧ್ಯಾಹ್ನ ಎರಡಾಗುವಷ್ಟರಲ್ಲಿ ಸೂಪು ಖಾಲಿ.

ಅತ್ತಿಗೆ, ಇದನ್ನೆಲ್ಲಾ ನನಗೋಸ್ಕರ ಬನ್ನಿ ಎಂದು ಬರೆದದ್ದಲ್ಲ. ನನಗೆ ಕೆಲಸವಿದೆ, ಮಾತನಾಡಲು ಬೇಕಾದಷ್ಟು ಜನ ಇದ್ದಾರೆ, ನಾನು ಆರಾಮಾಗಿದ್ದೇನೆ. ಊಟದ ರಗಳೆ ಎಂದಿರಲ್ಲ, ಆ ರಗಳೆ ಮುಗಿಯಿತು ಎಂದು ತಿಳಿಸಲು ಬರೆದೆ. ಡಬ್ಬಿ ಅಲ್ಲೇ ಯಾರಿಗಾದರೂ ಕೊಟ್ಟು ಬನ್ನಿ. ಹಾಸ್ಟೆಲಿನವರಿಗೆ ಬರಲಾಗುವುದಿಲ್ಲ ಎಂದು ಹೇಳಿ. ಯಾವ ಬಸ್ಸು ಎಂದು ತಿಳಿಸಿದರೆ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ; ಮೊದಲ ಊಟ ಡಿಪೋ ಅಕ್ಕನಲ್ಲಿ, ಬೀನ್ಸ್ ಮತ್ತು ಬ್ರೆಡ್ಡು.

ಕಾಯುತ್ತಿರುವ,
ನಿಮ್ಮ ಇಲಿಮರಿ

ಮರೆತ ಮಾತು: ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ನನಗೋಸ್ಕರವೇ ಕರೆಯುತ್ತಿದ್ದೇನೆ. ಮಾತನಾಡಲು ಬೇಕಾದಷ್ಟು ಜನ ಇದ್ದಾರೆ, ಏನು ತಿಂದೆ ಎಂದು ಕೇಳುವವರು ಇಲ್ಲ.

ಇನ್ನೊಂದು ಮುಚ್ಚಿಟ್ಟಿದ್ದೆ. ಎರಡನೆಯ ಬಟ್ಟಲು ಮುಗಿಸಿ ಗೊಣಗಪ್ಪನವರು, ಯಾರು ಕಲಿಸಿದ್ದಮ್ಮ ಇದನ್ನ ಎಂದು ಕೇಳಿದರು. ಅತ್ತಿಗೆ ಎನ್ನಬೇಕಿತ್ತು. ನನ್ನ ಬಾಯಲ್ಲಿ “ನಮ್ಮಮ್ಮ” ಎಂದು ಬಂತು. ಅವರು, ಹಾಗಾದ್ರೆ ಅದನ್ನೇ ಬರಿ ಎಂದರು. ಬೋರ್ಡಿನ ಮೇಲೆ ಈಗ “ಅಮ್ಮನ ಸೂಪು” ಎಂದಿದೆ, ಪಕ್ಕದಲ್ಲಿ ಎಲೆ. ಆ ಹೆಸರು ಯಾರದ್ದು ಎಂದು ನೀವು ಅವತ್ತು ಹೇಳಿದ್ದು ನನಗೆ ಮರೆತಿಲ್ಲ. ತಪ್ಪು ಎನಿಸಿದರೆ ನೀವೇ ಬಂದು ಒರೆಸಿ, ಸ್ಟೂಲು ನಾನು ಹಿಡಿದುಕೊಳ್ಳುತ್ತೇನೆ. ಆದರೆ ಈಗಲೇ ಹೇಳಿರುತ್ತೇನೆ, ಸಕ್ಕರೆ ನೀರಿನಲ್ಲಿ ನೆನೆಸಿದ ಕಡ್ಡಿಯಲ್ಲಿ ಬರೆದಿದ್ದೇನೆ. ಅಷ್ಟು ಸುಲಭಕ್ಕೆ ಹೋಗುವುದಿಲ್ಲ.