ಹದಿನಾಲ್ಕು ಹುಣಸೆಬೀಜ

ಗುಡೇಕೋಟೆ ಪಕ್ಕದ ಹಟ್ಟಿ
ಮಂಗಳವಾರ, ೯-೧೨-೨೦೨೫

ಧಾರವಾಡದ ಹಾಸ್ಟೆಲಿನಲ್ಲಿ ಕುಂತು ಬಡತನ ಓದುತ್ತಿರುವ ಸೊಸೆ ಅಮೃತಾಳಿಗೆ, ಓದದೆಯೇ ಆ ವಿಷಯದಲ್ಲಿ ಪಾಸಾದ ಸೋದರಮಾವ ಓಬಳೇಶನ ಆಶೀರ್ವಾದ.

ಇಲ್ಲಿ ಎಲ್ಲರೂ ಆರಾಮ. ನಿಮ್ಮವ್ವನೂ ಆರಾಮ. ಕಾಲು ಒಂದಿಷ್ಟು ಬಾತಿವೆ, ಅಷ್ಟೆ. ಫೋನ್ ಮಾಡಬಾರದಿತ್ತಾ ಮಾವ ಅಂತ ಕೇಳಬೇಡ. ಇರೋದೊಂದು ಪಡಸಾಲೆ, ಅಕ್ಕನ ಕಿವಿ ಇನ್ನೂ ಚುರುಕು, ಇದು ಅವಳಿಗೆ ಕೇಳಬಾರದ ಸುದ್ದಿ. ಮೇಲಾಗಿ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದದಲ್ಲಾದರೆ ನನ್ನದೇ ದರ್ಬಾರು. ಏಳನೇ ಕ್ಲಾಸಿನಲ್ಲಿ ನನ್ನ ಪ್ರಬಂಧವನ್ನು ಮೇಷ್ಟ್ರು ಹೆಡ್‌ಮಾಸ್ಟರಿಗೂ ತೋರಿಸಿದ್ದರು. ಯಾಕೆ ತೋರಿಸಿದರು ಅನ್ನೋದು ಬೇರೆ ಮಾತು.

ದೀಪಾವಳಿಗೆ ಬಂದಾಗ ಕಟ್ಟೆ ಮೇಲೆ ನನಗೆ ಪಾಠ ಮಾಡಿದ್ದೆಯಲ್ಲ, ನೆನಪಿದೆಯಾ? ಮೇಲಿನವರ ಕೊಡ ತುಂಬಿದರೆ ಚೆಲ್ಲಿದ್ದು ತಾನಾಗಿ ಕೆಳಗಿನವರಿಗೆ ಬರುತ್ತೆ ಅಂತ ಹಿಂದೆ ದೊಡ್ಡ ದೊಡ್ಡ ಪಂಡಿತರು ಹೇಳಿದ್ದರಂತೆ. ಅವರು ನಮ್ಮೂರ ನೀರಿನ ಟ್ಯಾಂಕ್ ನೋಡಿಲ್ಲ ಬಿಡು ಅಂದೆ ನಾನು. ಬಡವರು ಬಡವರಾಗಿರೋದು ಅವರ ನಡತೆಯಿಂದಲೇ ಅಂದರಂತೆ ಇನ್ನು ಕೆಲವರು. ಅವರನ್ನು ನಾಲ್ಕು ದಿನ ನನ್ನ ಕುರಿ ಹಿಂದೆ ಕಳಿಸು ಅಂದೆ. ಆಮೇಲೆ ಸರ್ಕಾರ ಬಡವರ ಪಟ್ಟಿ ಮಾಡಿತು, ಕಾರ್ಡು ಕೊಟ್ಟಿತು, ಅಕ್ಕಿ ಕೊಟ್ಟಿತು. ಪಟ್ಟಿಯಲ್ಲಿ ಉಳ್ಳವರು ನುಸುಳಿದರು, ಇಲ್ಲದವರು ಹೊರಗುಳಿದರು. ಅದಕ್ಕೇ ಈಗ ಹೊಸ ವಿಚಾರ ಬಂದಿದೆ, ಯಾರು ಬಡವರು ಅನ್ನೋದು ಊರಿಗೇ ಗೊತ್ತು, ಊರನ್ನೇ ಕೇಳಬೇಕು ಅಂದೆ ನೀನು. ಅದನ್ನು ಹೇಳುವಾಗ ನಿನ್ನ ಕಣ್ಣು ಮಿಂಚುತ್ತಿದ್ದವು. ನನಗೂ ಬಹಳ ಹಿಡಿಸಿತು. ಕೊನೆಗೂ ನನ್ನನ್ನು ಕೇಳುವ ಸರ್ಕಾರ ಬಂತಲ್ಲ!

ಬಂದೇ ಬಂತು. ಹೋದ ತಿಂಗಳು ಪಂಚಾಯ್ತಿ ಪರವಾಗಿ ಒಂದು ಸಂಸ್ಥೆಯವರು ಬಂದರು. ಸುಮಲತಾ ಅಂತ, ನಿನ್ನಷ್ಟೇ ವಯಸ್ಸಿನ ಹುಡುಗಿ. ಗುಡಿ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಸಿದಳು. ಮನೆಗೊಂದು ಚೌಕ. ಆ ಮನೆಯ ಆಸ್ತಿಯನ್ನು ಚೌಕದೊಳಗೆ ಹುಣಸೆಬೀಜದಲ್ಲಿ ತೋರಿಸಬೇಕು. ಎಕರೆಗೊಂದು ಬೀಜ, ಹತ್ತು ಕುರಿಗೊಂದು ಬೀಜ. ನಿಮ್ಮವ್ವನ ಚೌಕ, ನಾನಿರೋದೂ ಅದರಲ್ಲೇ, ಖಾಲಿ ಇತ್ತು. ಸುಮಲತಾ ನನ್ನ ಕಡೆ ತಿರುಗಿ, ನಿಮ್ಮ ಮನಿಗೆ ಕುರಿ ಎಷ್ಟು ಅದಾವ್ರಿ ಅಂದಳು.

ನಿನಗೆ ಗೊತ್ತಲ್ಲ, ನೂರಾ ನಲವತ್ತರಲ್ಲಿ ನಮ್ಮವು ಹನ್ನೊಂದು. ತೊಂಬತ್ತು ಉಚ್ಚಂಗೆಪ್ಪನವು, ಉಳಿದವು ಕೊಟ್ಟೂರಿನ ಗುರುಸಂಗಪ್ಪನವರವು. ನಾನು ಮೇಯಿಸಿ, ಹುಟ್ಟಿದ ಮರಿಯಲ್ಲಿ ಪಾಲು ತಗೊಳ್ಳುವವನು. ಆದರೆ ಹಿಂಡಿನ ಮುಂದೆ ನಡೆಯುವವನು ಹೊರಗಿನವರ ಎದುರು, ಇವು ಅವರವು, ಇವು ಇವರವು ಅಂತ ಹಿಂಡನ್ನು ಬಾಯಲ್ಲಿ ಒಡೆಯಬಾರದು. ಒಡೆದರೆ ಹಿಂಡಿಗೆ ಬೇನೆ ಬರುತ್ತೆ ಅನ್ನೋದು ಹಿರಿಯರ ಮಾತು. ನಮ್ಮಪ್ಪ ಸಾಯುವತನಕ ಒಡೆಯಲಿಲ್ಲ. ನಾನೂ ಒಡೆಯಲಿಲ್ಲ. ಎಲ್ಲಾ ನಮ್ಮವೇ ತಂಗೀ ಅಂದೆ. ನಿನ್ನ ಮುಂದೆ ಯಾಕೆ ಮುಚ್ಚಲಿ, ಪದ್ಧತಿ ಅರ್ಧ, ನನ್ನ ಬಡಾಯಿ ಅರ್ಧ. ಹದಿನಾಲ್ಕು ಬೀಜ ಎಣಿಸಿ ಅಕ್ಕನ ಚೌಕದಲ್ಲಿ ಸುರಿದೆ.

ಇಡೀ ಹಟ್ಟಿಯಲ್ಲಿ ಅಷ್ಟು ಬೀಜ ಯಾರ ಮನೆಗೂ ಬಿದ್ದಿರಲಿಲ್ಲ. ಪಾಲಮ್ಮ ಸಾವುಕಾರ್ತಿ ಆದಳು ನೋಡ್ರೇ ಅಂತ ಹೆಂಗಸರು ಕೇಕೆ ಹಾಕಿದರು. ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು. ನಿಮ್ಮಪ್ಪ ತೀರಿಕೊಂಡ ಮೇಲೆ ಅವಳು ಹಂಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಬೀಜ ವಾಪಸ್ ತೆಗೆಯಲು ಕೈ ಬರಲಿಲ್ಲ ಮಗಳೇ. ನಕ್ಷೆಯನ್ನು ಹಾಳೆಗೆ ಇಳಿಸಿದಾಗ ಕೆಳಗೆ ಮೊದಲ ಸಹಿಯೂ ನನ್ನದೇ, ಇಂಗ್ಲಿಷಿನಲ್ಲಿ.

ಈಗ ಪಂಚಾಯ್ತಿ ಗೋಡೆಗೆ ಪಟ್ಟಿ ಅಂಟಿಸಿದ್ದಾರೆ. ಬಿಪಿಎಲ್ ಕಾರ್ಡು ರದ್ದಾಗಬೇಕಾದವರಲ್ಲಿ ಮೊದಲ ಹೆಸರು ನಿಮ್ಮವ್ವನದು. ಇಪ್ಪತ್ತೆರಡಕ್ಕೆ ಅವಳ ಎದೆಯ ಆಪರೇಷನ್. ಕವಾಟ ಬದಲಿಸಲೇಬೇಕು, ಈ ತಾರೀಕು ತಪ್ಪಿಸಬೇಡಿ ಅಂತ ಡಾಕ್ಟರು ಹೇಳಿದಾಗ ನೀನೂ ಅಲ್ಲೇ ಇದ್ದೆ. ಕಾರ್ಡು ಇದ್ದರೆ ಬಿಟ್ಟಿ. ಇಲ್ಲದಿದ್ದರೆ ಅದು ನಮ್ಮ ಕೈಯಲ್ಲಿ ಆಗೋ ಮಾತಲ್ಲ.

ಪಂಚಾಯ್ತಿಯ ಕ್ರಾಂತಿಕುಮಾರನ ಹತ್ತಿರ ಓಡಿದೆ. ಅವನು ನನ್ನ ಸಹಿ ತೋರಿಸಿ, ಏನಣ್ಣಾ, ಅಕ್ಷರ ಮುತ್ತಿನಂಗ ಅದಾವು, ಈಗ್ಯಾಕ ಬೆವರತಿ ಅಂದ. ಶುಕ್ರವಾರ ಗ್ರಾಮಸಭೆ. ಕುರಿ ಯಾರವು ಅಂತ ಅಲ್ಲಿ ಹೇಳಬೇಕು, ಕುರಿಯವರು ಹೌದು ಅಂತ ಒಪ್ಪಬೇಕು, ಆಗ ಮಾತ್ರ ತಿದ್ದುತ್ತಾರಂತೆ.

ಉಚ್ಚಂಗೆಪ್ಪನ ಹತ್ತಿರ ಹೋದೆ. ಹಿಂಡು ಬಾಯಾಗ ಒಡದ್ರ ನನ್ನ ಕುರಿ ನಾ ಹೊಡಕೊಂಡು ಹೋಗ್ತೀನಿ ನೋಡಲೇ ಅಂದ. ಇವನಿಗೆ ಹಿರಿಯರ ಮಾತಿನ ಮೇಲೆ ಯಾವಾಗಿನಿಂದ ಇಷ್ಟು ಭಕ್ತಿ ಅಂತ ಯೋಚಿಸುತ್ತಾ ಬಂದೆ. ದಾರಿಯಲ್ಲಿ ಹೊಳೆಯಿತು. ಅವನದೂ ಬಿಪಿಎಲ್ ಕಾರ್ಡೇ! ನಕ್ಷೆಯ ದಿನ ಪಕ್ಕದಲ್ಲೇ ನಿಂತಿದ್ದವನು ತುಟಿ ಬಿಚ್ಚಲಿಲ್ಲ ಯಾಕೆ ಅಂತ ಆಗ ತಿಳಿಯಿತು.

ಅವನು ಕುರಿ ಹೊಡಕೊಂಡು ಹೋದರೆ ಹೋಗಲಿ, ಕೂಲಿ ಮಾಡಿಯೇನು. ನನ್ನ ಭಯ ಬೇರೆ. ಶುಕ್ರವಾರ ನಾನು ಎದ್ದು ನಿಂತು ನಿಜ ಹೇಳಿದರೆ ನಂಬುವವರು ಯಾರು? ಕರಡಿಯನ್ನು ಕಂಬಳಿ ಬೀಸಿ ಓಡಿಸಿದೆ ಅಂತ ಇಪ್ಪತ್ತು ವರ್ಷ ಹೇಳಿದ ಬಾಯಿ ಇದು. ಕಾರ್ಡಿಗಾಗಿ ಸುಳ್ಳು ಹೇಳುತ್ತಿದ್ದಾನೆ ಅಂತ ನಗುತ್ತಾರೆ. ಊರನ್ನೇ ಕೇಳಿ ಅಂದ ನಿಮ್ಮ ಪುಸ್ತಕದವರು, ಊರಿನಲ್ಲಿ ನನ್ನಂಥ ಬಾಯಿಬಡುಕನೂ ಇರುತ್ತಾನೆ, ಉಚ್ಚಂಗೆಪ್ಪನಂಥ ಮೂಕನೂ ಇರುತ್ತಾನೆ ಅಂತ ಎಲ್ಲಾದರೂ ಬರೆದಿದ್ದಾರಾ? ಬರೆಯದಿದ್ದರೆ ನೀನು ಬರಿ.

ಪರೀಕ್ಷೆ ಬಿಟ್ಟು ಬರಬೇಡ. ಈ ಕಾಗದವನ್ನು ನಾಳೆ ಬಸ್ಸಿಗೆ ಧಾರವಾಡಕ್ಕೆ ಬರುವ ನಮ್ಮ ಹಟ್ಟಿಯ ಮೈಲಾರೇಶನ ಕೈಲಿ ಕಳಿಸುತ್ತೇನೆ. ಯಾವ ಮಾತು ಮೊದಲು ಆಡಬೇಕು, ಯಾವುದನ್ನು ನುಂಗಬೇಕು ಅಂತ ಅವನಿಗೇ ಹೇಳಿ ಕಳಿಸು, ಗುರುವಾರ ವಾಪಸ್ ಬರುತ್ತಾನೆ. ಅವ್ವನಿಗೆ ಮಾತ್ರ ಸುಳಿವು ಕೊಡಬೇಡ. ಅವಳ ಎದೆ ಇದನ್ನು ತಡೆಯಲಿಕ್ಕಿಲ್ಲ.

ಬಾಯಿ ಒಣಗಿಸಿಕೊಂಡು ಕುಂತಿರುವ ನಿನ್ನ ಮಾವ,
ಓಬಳೇಶ್

ತಾ. ಕ.: ಬುಧವಾರ ಬೆಳಿಗ್ಗೆ. ಕಾಗದ ಮಡಚುತ್ತಿದ್ದೆ, ಅಕ್ಕ ಹೊರಗಿನಿಂದ ಏದುಸಿರು ಬಿಡುತ್ತಾ ಬಂದಳು. ಮಡಿಲಿಂದ ಒಂದು ಡಬ್ಬಿ ತೆಗೆದು ನನ್ನ ಮುಂದಿಟ್ಟಳು. ನಕ್ಷೆ ಗುಡಿಸುವ ಮೊದಲು ತನ್ನ ಚೌಕದ ಬೀಜಗಳನ್ನು ಆರಿಸಿ ತಂದು ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದಳಂತೆ. ಪಟ್ಟಿಯ ಸುದ್ದಿ ನನಗಿಂತ ಮೊದಲೇ ನಲ್ಲಿ ಹತ್ತಿರ ಕೇಳಿದ್ದಾಳೆ. ನಾನಾಗಿಯೇ ಹೇಳಲಿ ಅಂತ ಕಾಯ್ದಿದ್ದಾಳೆ. ಇವತ್ತು ದಾರಿಯಲ್ಲಿ ಮೂರು ಕಡೆ ಕುಂತು, ಎದ್ದು, ಉಚ್ಚಂಗೆಪ್ಪನ ಮನೆ ಮುಟ್ಟಿ, ಕುರಿ ಅನ್ನೋ ಮಾತೇ ಎತ್ತದೆ ಅವನ ತಾಯಿಯ ಕೈಯಲ್ಲಿ ಒಂಬತ್ತು ಬೀಜ ಇಟ್ಟಳಂತೆ. ಆ ಮುದುಕಿ ಮಗನ ಮುಖ ನೋಡಿ, ಬೀಜ ಸೆರಗಿನ ತುದಿಗೆ ಗಂಟು ಹಾಕಿ, ಶುಕ್ರವಾರ ಇವನ್ನ ಸಭಾಕ್ಕ ನಾನ ತರತೀನಿ ನಡಿ ಪಾಲವ್ವಾ ಅಂದಳಂತೆ. ತರುತ್ತಾಳೋ ಇಲ್ಲವೋ, ಶುಕ್ರವಾರವೇ ಗೊತ್ತಾಗಬೇಕು.

ನಾಲ್ಕು ಬೀಜ ನನ್ನ ಕೈಲಿಟ್ಟು, ಕೊಟ್ಟೂರಿಗೆ ಕೊಟ್ಟು ಬಾರಲೇ ಅಂದಳು. ಡಬ್ಬಿಯಲ್ಲಿ ಒಂದು ಉಳಿದಿತ್ತು. ಅದಕ್ಕೂ ಕೈ ಹಾಕಿದೆ. ಫಟ್ಟನೆ ಕೈ ಮೇಲೆ ಹೊಡೆದಳು. ಅದು ನಂದು, ಸಭಾದಾಗ ಅದನ್ನೂ ಹೇಳು ಅಂದಳು.