ನೀವು ಗುಹೆಗೆ ಹೋಗಿದ್ದು ನಿಜವೇ?

ಚಿಕ್ಕಮ್ಮನಿಗೆ,

ಹೇಗಿದ್ದೀರಿ ಎಂದು ಕೇಳುವ ಮುಖ ನನಗಿಲ್ಲ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಹೋದ ಭಾನುವಾರ ನಾನು ಆ ಪ್ರವಾಸಕ್ಕೆ ಹೋಗಿಬಂದೆ. ಅದೇ ದೋಣಿ, ಅದೇ ಗೈಡು. ಬೆಳಿಗ್ಗೆ ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್, ಉಸಿರಾಡುವ ಕೊಳವೆ ಹಾಕಿಕೊಂಡು ನೀರಲ್ಲಿ ಮುಖ ಮುಳುಗಿಸಿ ಮೀನು ನೋಡುವುದು, ಮಧ್ಯಾಹ್ನ ಮರಳ ಮೇಲೆ ಊಟ, ಆಮೇಲೆ ಗುಹೆ, ಐದು ಗಂಟೆಗೆ ವಾಪಸ್ಸು. ನೀವು ಅಪ್ಪನ ಜೊತೆ ಹೋಗಿ ಒಬ್ಬರೇ ತಿರುಗಿ ಬಂದ ಪ್ರವಾಸ.

ನಾನು ಮೀನು ನೋಡುವ ಆಸೆಯಿಂದ ಹೋದವಳಲ್ಲ. ನಿಮ್ಮ ಮೇಲಿನ ಅನುಮಾನ ನನ್ನನ್ನು ಕರೆದುಕೊಂಡು ಹೋಯಿತು. ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಚಿಕ್ಕವಳಿದ್ದಾಗ ಬಿಸ್ಕತ್ತಿನ ಡಬ್ಬಿ ಅರ್ಧ ಇಂಚು ಸರಿದಿದ್ದರೂ ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ವಿಚಾರಣೆ ಮಾಡುತ್ತಿದ್ದೆನಂತೆ. ಅಪ್ಪ ನನ್ನನ್ನು ಪೊಲೀಸಮ್ಮ ಎಂದೇ ಕರೆಯುತ್ತಿದ್ದರು. ನೀವು ಅಪ್ಪನನ್ನು ಮದುವೆಯಾಗಿ ನಮ್ಮ ಮನೆಗೆ ಬಂದ ಆರು ವರ್ಷಗಳಲ್ಲಿ ಈ ಪೊಲೀಸಮ್ಮನ ಕಣ್ಣು ನಿಮ್ಮ ಮೇಲಿಂದ ಒಂದು ದಿನವೂ ಕದಲಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ನೀವು ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ಊಟ ಆದ್ಮೇಲೆ ಎಲ್ಲರೂ ಗುಹೆಗೆ ಹೊರಟ್ವಿ. ಅವರು ಸುಸ್ತು, ಇಲ್ಲೇ ಕೂತಿರ್ತೀನಿ ಅಂದ್ರು. ವಾಪಸ್ ಬಂದಾಗ ಕಾಣಿಸ್ಲಿಲ್ಲ. ಯಾರಿಗೂ ಹೇಳದೆ ನೀರಿಗಿಳಿದಿದ್ರು." ಬಂದರು ಕಚೇರಿಯವರಿಗೆ ಬರೆದುಕೊಟ್ಟದ್ದೂ ಇದನ್ನೇ. ನನ್ನ ಅತ್ತೆಗೆ ಫೋನಿನಲ್ಲಿ ಹೇಳಿದ್ದೂ ಇದನ್ನೇ. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ನಿಜ ಹೇಳುವವರು ಒಂದೊಂದು ಸಲ ಒಂದೊಂದು ಥರ ಹೇಳುತ್ತಾರೆ, ನಡುವೆ ತಡವರಿಸುತ್ತಾರೆ, ಏನೋ ಬಿಟ್ಟುಹೋಯಿತು ಎಂದು ಮತ್ತೆ ಹಿಂದಕ್ಕೆ ಹೋಗುತ್ತಾರೆ. ನೀವು ಹಾಗೆ ಮಾಡಲಿಲ್ಲ.

ಆಮೇಲೆ ಅಪ್ಪನ ಕನ್ನಡಕ. ಅದು ನಿಮ್ಮ ಕೈಚೀಲದಲ್ಲಿತ್ತು, ಡಬ್ಬಿಯೊಳಗೆ ನೀಟಾಗಿ, ಒರೆಸುವ ಬಟ್ಟೆ ಸುತ್ತಿ. ಅದನ್ನು ಮಾಡಿದವಳು ನಾನು. ನಮ್ಮ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ, ಅಂಚು ಉಜ್ಜುವ ಯಂತ್ರದ ಮುಂದೆ ಕೂತು, ಬಾಟಲಿಯ ತಳದಷ್ಟು ದಪ್ಪದ ಆ ಗಾಜನ್ನು ಫ್ರೇಮಿಗೆ ಕೂರಿಸಿದವಳು ನಾನು. ಬಲಗಣ್ಣು ಮೈನಸ್ ಒಂಬತ್ತು, ಎಡಗಣ್ಣು ಎಂಟೂವರೆ. ಮುದ್ರಣಾಲಯದಲ್ಲಿ ಮೂವತ್ತೈದು ವರ್ಷ ಕರಡು ತಿದ್ದಿ ತಿದ್ದಿ ಸೋತ ಕಣ್ಣುಗಳು. ಕನ್ನಡಕ ತೆಗೆದರೆ ಎದುರಿಗೆ ನಿಂತವರು ಗಂಡಸೋ ಹೆಂಗಸೋ ಅಪ್ಪನಿಗೆ ತಿಳಿಯುತ್ತಿರಲಿಲ್ಲ. ಅಂಥವರು ಮರಳ ಮೇಲೆ ಸುಮ್ಮನೆ ಕೂತಿರಲು ಕನ್ನಡಕವನ್ನು ನಿಮ್ಮ ಕೈಗೇಕೆ ಕೊಡುತ್ತಾರೆ? ಕೊಟ್ಟರೆಂದರೆ ನೀರಿಗಿಳಿಯುತ್ತೇನೆಂದು ನಿಮಗೆ ಹೇಳಿಯೇ ಕೊಟ್ಟಿರಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ನೀವು ಗುಹೆಗೆ ಹೋದದ್ದನ್ನೇ ನಾನು ನಂಬಲಿಲ್ಲ. ಕರೆಂಟು ಹೋದರೆ ಮೊಂಬತ್ತಿ ಬರುವ ತನಕ ಬಾಗಿಲ ಚೌಕಟ್ಟು ಬಿಡದೆ ಹಿಡಿದುಕೊಂಡು ನಿಲ್ಲುವವರು ನೀವು. ಬಚ್ಚಲಿನ ದೀಪ ಆರಿಸಲು ಬಿಡದವರು. ಬೆಟ್ಟದ ಹೊಟ್ಟೆಯೊಳಗೆ ನಡೆದು ಹೋದಿರಂತೆ, ಅದೂ ಗಂಡನನ್ನು ಬಿಟ್ಟು. ಹದಿನಾಲ್ಕು ತಿಂಗಳು ಈ ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ಜೆಟ್ಟಿಯ ಪಕ್ಕದ ಆ ಪುಟ್ಟ ಆಫೀಸು ನಿಮಗೆ ನೆನಪಿರಬೇಕು. ಗೋಡೆಗೆ ಒದ್ದೆ ಲೈಫ್ ಜಾಕೆಟ್ಟುಗಳು, ಒಂದು ಕಾಲು ಗಿಡ್ಡವಾದ ಮೇಜು, ದಾರ ಕಟ್ಟಿದ ಪೆನ್ನು. ಅಲ್ಲಿ ಫಾರಂ ತುಂಬುವಾಗ ಅಪ್ಪನ ಹೆಸರು ಬಿಟ್ಟು ಬರೆದೆ. ನಾನು ಯಾರೆಂದು ಗೈಡಿಗೆ ಗೊತ್ತಾಗುವುದು ಬೇಡವಾಗಿತ್ತು. ನಲವತ್ತರ ಆಸುಪಾಸಿನ ಮನುಷ್ಯ, ಬಿಸಿಲಿಗೆ ಮೂಗಿನ ಚರ್ಮ ಸುಲಿದಿತ್ತು, ಕೊರಳಲ್ಲಿ ಸೀಟಿ. ನಾವು ಹನ್ನೊಂದು ಜನ. ಜೆಟ್ಟಿಯ ಮೇಲೆ ಎಣಿಸಿದ, ದೋಣಿ ಹತ್ತಿದ ಮೇಲೆ ಎಣಿಸಿದ, ಲಂಗರು ಹಾಕಿದಾಗ ಮತ್ತೆ ಎಣಿಸಿದ. ಇಷ್ಟು ಎಣಿಸುವವನು ಒಮ್ಮೆ ಎಣಿಕೆ ತಪ್ಪಿದವನೇ ಇರಬೇಕು ಎಂದುಕೊಂಡೆ.

ನೀರಿಗಿಳಿದ ಮೇಲಂತೂ ಅವನ ಕಾಟ ಹೇಳತೀರದು. ಎರಡೆರಡು ನಿಮಿಷಕ್ಕೆ ಪ್ರತಿಯೊಬ್ಬರ ಹತ್ತಿರ ಈಜಿ ಬಂದು ಭುಜ ತಟ್ಟುತ್ತಿದ್ದ. ನಾವು ಹೆಬ್ಬೆರಳು ಎತ್ತಿ ತೋರಿಸಿದರೆ ಮಾತ್ರ ಮುಂದಕ್ಕೆ ಹೋಗುತ್ತಿದ್ದ. ಹೊಸದಾಗಿ ಮದುವೆಯಾದವಳೊಬ್ಬಳು ಆಮೇಲೆ ದೋಣಿ ಹತ್ತಿದವಳೇ, ಇವರೇನು ಹಾಜರಿ ಹಾಕ್ತಾರಾ, ನೆಮ್ಮದಿಯಾಗಿ ಒಂದು ಮೀನು ನೋಡೋಕೆ ಬಿಡಲ್ಲ ಎಂದು ಗೊಣಗಿದಳು. ನನಗೆ ಮೀನಿನ ಮೇಲೆ ಗಮನವಿರಲಿಲ್ಲ. ತಲೆ ಎತ್ತಿ ಸುತ್ತ ನೋಡಿದರೆ ಹತ್ತು ಬೆನ್ನುಗಳು ನೀರ ಮೇಲೆ ತೇಲುತ್ತಿದ್ದವು. ಮುಖ ಕೆಳಗೆ, ಕೈಕಾಲು ಚಾಚಿ. ಬಿಸಿಲಲ್ಲೂ ನನ್ನ ಮೈ ಜುಮ್ಮೆಂದಿತು, ಯಾಕೆಂದು ಆಗ ಗೊತ್ತಾಗಲಿಲ್ಲ.

ನೀರಲ್ಲಿ ತೇಲುವುದು ಸಾಕೆನಿಸಿ ದೋಣಿಗೆ ಮರಳಿದಾಗ, ಸ್ಟೀರಿಂಗಿನ ಪಕ್ಕದ ಮೊಳೆಯಲ್ಲಿ ಒಂದೇ ಒಂದು ಮಾಸ್ಕ್ ನೇತಾಡುವುದು ಕಂಡಿತು. ಉಳಿದವೆಲ್ಲ ಕೆಳಗೆ ಪ್ಲಾಸ್ಟಿಕ್ ಬುಟ್ಟಿಯಲ್ಲಿದ್ದವು. ಕೈ ಹಾಕಿದೆ. "ಅದು ಬೇಡ ಮೇಡಂ, ಅದು ಬೇರೆಯವರದು" ಎಂದ ಗೈಡು, ನೀರೊಳಗಿಂದಲೇ. ಅವನು ಬೆನ್ನು ತಿರುಗಿಸುವುದನ್ನೇ ಕಾದು ಇಳಿಸಿಕೊಂಡೆ. ಒಳಗಡೆ ಗಾಜು ಅಂಟಿಸಿತ್ತು, ದಪ್ಪ ಗಾಜು. ದೋಣಿಯ ಗೋಡೆಗೆ ಅಂಟಿಸಿದ ಸೂಚನೆಗಳ ಮೇಲೆ ಹಿಡಿದು ಆಚೀಚೆ ಆಡಿಸಿದೆ. ಅಕ್ಷರಗಳು ಇರುವೆಯಷ್ಟಾಗಿ ಗಾಜಿನ ಜೊತೆಗೇ ಸರಿದವು. ಹನ್ನೆರಡು ವರ್ಷ ಇದೇ ಕೆಲಸ ಮಾಡಿದವಳಿಗೆ ಬೇರೆ ಯಂತ್ರ ಬೇಕಿಲ್ಲ. ಬಲಗಡೆ ಒಂಬತ್ತು, ಎಡಗಡೆ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ.

ಅದು ಅಪ್ಪನ ಮಾಸ್ಕು ಚಿಕ್ಕಮ್ಮ. ಬಂದರು ಕಚೇರಿಯವರು ಕೊಟ್ಟ ಅಪ್ಪನ ಸಾಮಾನಿನ ಪಟ್ಟಿಯಲ್ಲಿ ಮಾಸ್ಕ್ ಇರಲಿಲ್ಲ. ಇದನ್ನು ಯಾಕೆ ಬಚ್ಚಿಟ್ಟರು ಎಂಬುದು ಮೊದಲು ಬಂದ ಯೋಚನೆ. ಎರಡನೆಯದು ತಡವಾಗಿ ಬಂತು, ಆದರೆ ಒಳಗೆ ಇಳಿಯಿತು. ಆ ಪ್ರವಾಸಕ್ಕೆ ತಿಂಗಳ ಮುಂಚೆ ಅಪ್ಪ ಅಂಗಡಿಗೆ ಫೋನು ಮಾಡಿದ್ದರು. "ನೀರಲ್ಲಿ ಹಾಕೋ ಮಾಸ್ಕಿಗೆ ಪವರ್ ಕೂರಿಸೋಕೆ ಆಗುತ್ತಾ ಪೊಲೀಸಮ್ಮ?" ಎಂದು ಕೇಳಿದ್ದರು. "ನಿಮ್ಮ ಹೆಂಡತೀನ ಕೇಳಿ" ಎಂದಿದ್ದೆ ನಾನು. ಅವರು ಸರಿ ಬಿಡು ಎಂದು ಫೋನಿಟ್ಟರು. ನನ್ನೊಡನೆ ಅವರು ಆಡಿದ ಕೊನೆಯ ಮಾತು ಅದು. ನೀವು ಅವರ ಕಣ್ಣಿನ ಪವರಿನ ಚೀಟಿ ಹಿಡಿದು ಬೇರೆ ಯಾವುದೋ ಅಂಗಡಿ ಹುಡುಕಿಕೊಂಡು ಹೋಗಿರಬೇಕು. ಎಡಗಡೆಯ ಮೂಲೆ ಸರಿಯಾಗಿ ಉಜ್ಜಿಲ್ಲ, ಅಂಟು ಹೊರಗೆ ಉಕ್ಕಿದೆ. ನಾನಾಗಿದ್ದರೆ ಚೆನ್ನಾಗಿ ಮಾಡಿರುತ್ತಿದ್ದೆ.

ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕಿತ್ತಲೆ ಹಣ್ಣಿನ ಊಟವನ್ನು ಪಕ್ಕದವರಿಗೆ ಕೊಟ್ಟುಬಿಟ್ಟೆ. ಊಟವಾದ ಮೇಲೆ ವಯಸ್ಸಾದವರೊಬ್ಬರು, ನನಗೆ ಗುಹೆ ಬೇಡಪ್ಪ, ಇಲ್ಲೇ ಮೊಣಕಾಲುದ್ದ ನೀರಲ್ಲಿ ಇರ್ತೀನಿ ಎಂದರು. ಗೈಡು ಆಗುವುದಿಲ್ಲ ಎಂದ. ಅವರು ರೇಗಿದರು, ಅವನು ಜಗ್ಗಲಿಲ್ಲ. ಕೊನೆಗೆ ಅವರನ್ನು ಕೈಹಿಡಿದು ಗುಹೆಗೇ ಕರೆತಂದ.

ಗುಹೆಯ ಬಾಯಿ ಗಿಡ್ಡ, ಬಗ್ಗಿಯೇ ಹೋಗಬೇಕು. ಒಳಗೆ ಹೋದ ಹಾಗೆ ಗೋಡೆ ಒದ್ದೆಯಾಗುತ್ತದೆ, ಮಾತು ಬೇರೆಯವರ ಬಾಯಿಂದ ಬಂದ ಹಾಗೆ ಕೇಳುತ್ತದೆ. ದೊಡ್ಡ ಕೋಣೆಯಂಥ ಜಾಗದಲ್ಲಿ ಗೈಡು ಎಲ್ಲರಿಗೂ ಟಾರ್ಚು ಆರಿಸಲು ಹೇಳಿದ. ಒಂದು ನಿಮಿಷ ಪೂರಾ ಕತ್ತಲೆ. ನನ್ನ ಕೈ ನನಗೇ ಕಾಣಲಿಲ್ಲ. ಆ ಕತ್ತಲಲ್ಲಿ ನನ್ನ ಪಕ್ಕದಲ್ಲೇ ಅವನು ಉಸಿರಾಡುತ್ತಿದ್ದ. ಈಗ ಬಿಟ್ಟರೆ ಇಲ್ಲ ಎಂದುಕೊಂಡು ಮೆಲ್ಲಗೆ ಕೇಳಿದೆ, ಕತ್ತಲೆ ಅಂದರೆ ಹೆದರುವ ಒಬ್ಬ ಹೆಂಗಸು ಹೋದ ವರ್ಷ ಇಲ್ಲಿಗೆ ಬಂದಿದ್ದರಾ, ಅಥವಾ ಬಂದೆ ಅಂತ ಸುಳ್ಳು ಹೇಳಿದರಾ ಎಂದು.

ಅವನು ಟಾರ್ಚು ಹಾಕಿದ. ನನ್ನ ಮುಖದ ಮೇಲಲ್ಲ, ನೆಲದ ಮೇಲೆ. "ನೀವು ಪೊಲೀಸಮ್ಮ ಅಲ್ವಾ?" ಎಂದ.

ಉಳಿದವರು ಮರಳ ಮೇಲೆ ಫೋಟೋ ತೆಗೆದುಕೊಳ್ಳುವಾಗ ಅವನು ಬಂಡೆಯ ಮೇಲೆ ಕೂತು ಎಲ್ಲ ಹೇಳಿದ. ಹೇಳುತ್ತಿದ್ದಷ್ಟು ಹೊತ್ತೂ ನನ್ನ ಕಡೆ ತಿರುಗಲಿಲ್ಲ, ಅವರ ತಲೆಗಳನ್ನೇ ಎಣಿಸುತ್ತಿದ್ದ. ಬೆಳಿಗ್ಗೆ ಪೂರ್ತಿ ಅಪ್ಪ ನೀರಿಂದ ಮೇಲೆ ಬರಲಿಲ್ಲವಂತೆ. ತಲೆ ಎತ್ತಿದಾಗಲೆಲ್ಲ ಮೀನಿನ ಮೈಮೇಲಿನ ಗೆರೆ ಎಷ್ಟು, ಚುಕ್ಕೆ ಎಷ್ಟು ಎಂದು ಒಪ್ಪಿಸುತ್ತಿದ್ದರಂತೆ. ನಾನು ಹೀಗೆ, ನನ್ನ ಮಗಳು ಪೊಲೀಸಮ್ಮ, ಅವಳಿದ್ದಿದ್ದರೆ ಮೀನುಗಳನ್ನೂ ವಿಚಾರಣೆ ಮಾಡುತ್ತಿದ್ದಳು ಎಂದು ದೋಣಿಯವರನ್ನೆಲ್ಲ ನಗಿಸಿದರಂತೆ. ಊಟವಾದ ಮೇಲೆ, ಗುಹೆ ಬೇಡ, ಇನ್ನೊಂದೇ ಒಂದು ಸಲ ಇಳಿಯುತ್ತೇನೆ ಎಂದರು. ಒಬ್ಬರೇ ಇಳಿಯಬಾರದೆಂಬುದು ನಿಯಮ. ಗೈಡು ಒಪ್ಪಲಿಲ್ಲ. ಆಗ ನೀವು ನಡುವೆ ಬಂದಿರಿ. "ಕಳಿಸಿ, ಪಾಪ. ಇಷ್ಟು ವರ್ಷ ಅಕ್ಷರ ಬಿಟ್ಟು ಬೇರೇನೂ ನೋಡಿಲ್ಲ ಅವರು" ಎಂದಿರಿ. ಕನ್ನಡಕ ತೆಗೆದು ನಿಮ್ಮ ಕೈಗಿಟ್ಟು ಅಪ್ಪ ಹೇಳಿದರಂತೆ, "ನೀನು ಗುಹೆ ನೋಡ್ಕೊಂಡು ಬಾ, ನಾನು ಮೀನು ನೋಡ್ತೀನಿ. ಆಮೇಲೆ ಒಬ್ಬರಿಗೊಬ್ಬರು ಹೇಳೋಣ."

ಹಾಗೆಂದೇ ನೀವು ಒಳಗೆ ಹೋದಿರಿ. ಗೈಡಿನ ಅಂಗಿಯ ಅಂಚು ಹಿಡಿದುಕೊಂಡು, ಉದ್ದಕ್ಕೂ. ಆ ದಿನ ಅವನು ಟಾರ್ಚು ಆರಿಸುವ ಆಟ ಆಡಿಸಲಿಲ್ಲವಂತೆ, ನಿಮ್ಮ ಕೈ ನಡುಗುವುದು ಅವನ ಬೆನ್ನಿಗೆ ಗೊತ್ತಾಗುತ್ತಿತ್ತಂತೆ.

ಇಪ್ಪತ್ತೈದು ನಿಮಿಷ ಬಿಟ್ಟು ಹೊರಗೆ ಬಂದಾಗ ಅಪ್ಪ ಕಾಣುತ್ತಿದ್ದರು. ಕಾಣಿಸಲಿಲ್ಲ ಎಂದಿರಿ ನೀವು. ಕಾಣುತ್ತಿದ್ದರು ಚಿಕ್ಕಮ್ಮ. ದಡಕ್ಕೆ ಹತ್ತಿರದಲ್ಲೇ ಮುಖ ಕೆಳಗೆ ಮಾಡಿ ತೇಲುತ್ತಿದ್ದರು. ಗೈಡು ಸೀಟಿ ಊದಲು ಹೋದ. ನೀವು ನಕ್ಕು, "ನೋಡಿ, ಇನ್ನೂ ಸಾಕಾಗಿಲ್ಲ ಅವರಿಗೆ. ಇರಲಿ ಬಿಡಿ, ಹತ್ತು ನಿಮಿಷ" ಎಂದಿರಿ. "ತೇಲೋರು ಎಲ್ಲರೂ ಒಂದೇ ಥರ ಕಾಣ್ತಾರೆ ಮೇಡಂ" ಎಂದ ಅವನು ನನಗೆ. ಅಷ್ಟು ಹೇಳಿ ಎದ್ದು ನಿಂತು ಸುಮ್ಮನೆ ಇನ್ನೊಮ್ಮೆ ಎಣಿಸಿದ.

ಅಪ್ಪನನ್ನು ದಡಕ್ಕೆ ಎಳೆದು ತಂದ ಮೇಲೆ, ಅವನು ಬಾಯಿ ಬಿಡುವ ಮೊದಲೇ ನೀವು ಹೇಳಿದಿರಂತೆ, ಯಾರಿಗೂ ಹೇಳದೆ ಇಳಿದರು ಅಂತ ನಾನು ಹೇಳುತ್ತೇನೆ, ನೀವೂ ಅದನ್ನೇ ಹೇಳಿ ಎಂದು. ಅವನಿಗೆ ಎರಡು ಚಿಕ್ಕ ಮಕ್ಕಳು, ಕೆಲಸ ಹೋದರೆ ಬೀದಿಪಾಲು. ಅದನ್ನು ನೀವು ದೋಣಿಯಲ್ಲೇ ಕೇಳಿ ತಿಳಿದಿದ್ದಿರಿ. ಕೇಳಿಯೇ ಇಳಿದದ್ದು ಬಯಲಾದೀತೆಂದು ಮಾಸ್ಕನ್ನು ಅವನು ಆ ದಿನ ಬುಟ್ಟಿಯಲ್ಲಿ ಮುಚ್ಚಿಟ್ಟ, ಆಮೇಲೆ ಮೊಳೆಗೆ ನೇತುಹಾಕಿದ. ಎಸೆಯಲು ಮನಸ್ಸು ಬರಲಿಲ್ಲವಂತೆ, ನಿಮಗೆ ಕಳಿಸಲು ಧೈರ್ಯ ಬರಲಿಲ್ಲವಂತೆ.

ನನ್ನ ಬುದ್ಧಿ ನೋಡಿ. ಇಷ್ಟು ಕೇಳಿದ ಮೇಲೂ ದೋಣಿಯಲ್ಲಿ ವಾಪಸ್ ಬರುವಾಗ ಅನುಮಾನವೇ ಮಾಡುತ್ತಿದ್ದೆ. ಆ ಸುಳ್ಳಿನಲ್ಲಿ ಅವನ ಪಾಲೆಷ್ಟು, ನಿಮ್ಮ ಪಾಲೆಷ್ಟು? ಅವನ ಕೆಲಸ ಉಳಿಸಲು ಹೇಳಿದಿರೋ, ದಡದಲ್ಲಿ ನಗುತ್ತ ಕೂತ ಆ ಹತ್ತು ನಿಮಿಷವನ್ನು ನನ್ನಿಂದ ಮುಚ್ಚಿಡಲು ಹೇಳಿದಿರೋ? ನೀರು ಕುಡಿದು ಹೋದದ್ದಲ್ಲ, ಎದೆ ನಿಂತದ್ದು ಎಂದು ಡಾಕ್ಟರು ಬರೆದಿದ್ದರು. ಯಾವ ನಿಮಿಷದಲ್ಲಿ ನಿಂತಿತೆಂದು ಅವರಿಗೂ ಗೊತ್ತಿಲ್ಲ. ಆ ಲೆಕ್ಕವನ್ನು ನೀವು ಹದಿನಾಲ್ಕು ತಿಂಗಳಿಂದ ಒಬ್ಬರೇ ಹಾಕುತ್ತಿದ್ದೀರಿ ಎಂಬುದು ಮನೆಗೆ ಬಂದು ಕೈಕಾಲು ತೊಳೆಯುವಾಗ ಹೊಳೆಯಿತು. ಬಚ್ಚಲಲ್ಲೇ ಕೂತುಬಿಟ್ಟೆ.

ಇನ್ನೊಂದು ಹೇಳಬೇಕು, ಬೈದರೂ ಸರಿ. ಒಂದು ತಿಂಗಳ ಹಿಂದೆ ನಾನು ಬಂದರು ಕಚೇರಿಗೆ ಅರ್ಜಿ ಕೊಟ್ಟಿದ್ದೆ. ನಿಮ್ಮ ಹೇಳಿಕೆ ನಂಬುವಂಥದ್ದಲ್ಲ, ಮತ್ತೆ ವಿಚಾರಣೆ ಆಗಬೇಕು ಎಂದು. ಸೋಮವಾರ ಅಧಿಕಾರಿ ಕರೆಸಿದರು. ಎದುರಿಗೆ ನಿಮ್ಮ ಕೈಬರಹದ ಹಾಳೆ ಇಟ್ಟುಕೊಂಡು, ಹೊಸದಾಗಿ ಏನಾದರೂ ತಿಳಿದಿದೆಯಾ ಎಂದು ಕೇಳಿದರು. ಸತ್ಯ ನನ್ನ ನಾಲಿಗೆಯ ತುದಿಯಲ್ಲಿತ್ತು. ಆ ಗೈಡು ನಿಯಮ ಮುರಿದದ್ದು ನಿಜ. ಆ ವಯಸ್ಸಾದವರನ್ನು ಕೈಹಿಡಿದು ಗುಹೆಗೆ ಕರೆತಂದದ್ದೂ ನಿಜ. "ಇಲ್ಲ ಸಾರ್. ಅವರು ಹೇಳಿದ್ದೇ ನಿಜ. ನನ್ನದೇ ಅನುಮಾನ" ಎಂದು ಅರ್ಜಿ ವಾಪಸ್ ತಗೊಂಡೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಗೊತ್ತಿಲ್ಲ. ಮುಂದೆ ಎಂದಾದರೂ ಅವನು ಎಣಿಸುವುದನ್ನು ಬಿಟ್ಟರೆ ಅದರ ಪಾಪ ನನಗೂ ತಟ್ಟುತ್ತದೆ. ಅಂತೂ ಈ ಸುಳ್ಳಿಗೆ ಈಗ ನಾವು ಮೂರು ಜನ.

ಗುರುವಾರ ಅಂಗಡಿಗೆ ರಜೆ. ಬೆಳಗಿನ ಬಸ್ಸಿಗೆ ಬರುತ್ತೇನೆ. ಹತ್ತು ನಿಮಿಷದ ಮಾತು ನಾನಾಗಿ ಎತ್ತುವುದಿಲ್ಲ, ನೀವಾಗಿ ಹೇಳಿದರೆ ಕೇಳುತ್ತೇನೆ. ಆದರೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತೇನೆ. ಅಷ್ಟು ಹೆದರಿಕೊಂಡು ಆ ಕತ್ತಲೆಯೊಳಗೆ ಹೋಗಿ, ಅಪ್ಪನಿಗೆ ಹೇಳಬೇಕೆಂದು ಏನು ನೋಡಿ ಇಟ್ಟುಕೊಂಡು ಬಂದಿರಿ? ಯಾರಿಗೂ ಹೇಳದೆ ಹಾಗೇ ಉಳಿದಿರಬೇಕು ಅದು. ನನಗೆ ಹೇಳಿ. ಸುಳ್ಳು ಸೇರಿಸಬೇಡಿ, ನಾನೂ ನೋಡಿ ಬಂದಿದ್ದೇನೆ.

ಅಲ್ಲಿಯವರೆಗೆ ಮನೆಯ ದೀಪಗಳೆಲ್ಲ ಉರಿಯುತ್ತಿರಲಿ, ನಿಮಗೆ ಒಳ್ಳೆಯ ನಿದ್ದೆ ಬರಲಿ.

ಇಂತಿ,
ನಿಮ್ಮನ್ನು ಇನ್ನೂ ಪೂರ್ತಿ ನಂಬದ, ಆದರೂ ಬರುತ್ತಿರುವ
ಪೊಲೀಸಮ್ಮ