ಒಂದು ದಿನದ ರಜೆ

ತೋಟದ ಮನೆ, ಹೊನ್ನವಳ್ಳಿ ರಸ್ತೆ
10-7-2025, ಗುರುವಾರ

ಪ್ರೀತಿಯ ಗಂಗಲಕ್ಷ್ಮಿ ಮೇಡಂ ಅವರಿಗೆ,

ಸಿಂಚನಾಳ ತಾಯಿ ಸುನಂದಾ ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ ಅಂತ ಬರೆಯಲು ಕೈ ಬರಲಿಲ್ಲ, ಬಿಟ್ಟಿದ್ದೇನೆ. ನೀವೂ ಕೇಳಬೇಡಿ.

ಸೋಮವಾರ ಬೆಳಿಗ್ಗೆ ಹಾಲು ಕರೆದು ಬಂದು ಫೋನ್ ನೋಡಿದೆ. ಗ್ರೂಪಿಗೆ ನೀವು ಹಾಕಿದ ಪಟ್ಟಿ ಬಂದಿತ್ತು. 'ಈ ಅವಧಿಯಲ್ಲಿ ನಿಮ್ಮ ಮಕ್ಕಳು ಕಲಿಯಲಿರುವ ವಿಷಯಗಳು.' ಗ್ರೂಪಿನ ಹೆಸರೂ ಬದಲಾಗಿದೆ. ಫೆಬ್ರವರಿಯಲ್ಲಿ 'ಆರನೇ ತರಗತಿ ಪೋಷಕರು' ಅಂತ ಇತ್ತು, ಈಗ ಏಳನೇ ತರಗತಿ. ಎಲ್ಲರ ಮಕ್ಕಳೂ ಪಾಸಾದರು, ಅವರ ಜೊತೆ ನನ್ನ ನಂಬರೂ ಪಾಸಾಗಿಬಿಟ್ಟಿದೆ. ಮಗಳನ್ನು ಮಣ್ಣು ಮಾಡಿ ಐದು ತಿಂಗಳಾದವಳ ನಂಬರನ್ನು ತೆಗೆಯಲು ನೀವು ಮರೆತಿರೋ, ಮನಸ್ಸು ಬರಲಿಲ್ಲವೋ, ನನಗೆ ಗೊತ್ತಿಲ್ಲ. ತೆಗೆಯಬೇಡಿ ಮೇಡಂ. ಕೈಮುಗಿದು ಕೇಳುತ್ತೇನೆ.

ಆ ಪಟ್ಟಿಯನ್ನು ಎಷ್ಟು ಸಲ ಓದಿದೆನೋ. ಗಣಿತದಲ್ಲಿ ಪೂರ್ಣಾಂಕಗಳು, ಸೊನ್ನೆಗಿಂತ ಕೆಳಗಿನ ಲೆಕ್ಕ. ಹತ್ತನೇ ಕ್ಲಾಸಿನವರೆಗೆ ಓದಿದ ನನಗೇ ಅದೆಲ್ಲ ಮರೆತುಹೋಗಿದೆ. ಅವಳಿದ್ದಿದ್ದರೆ ನನ್ನನ್ನು ಎದುರಿಗೆ ಕೂರಿಸಿಕೊಂಡು, "ಅಷ್ಟೂ ಗೊತ್ತಾಗಲ್ವೇನಮ್ಮ ನಿಂಗೆ" ಅಂತ ಗದರಿ ಹೇಳಿಕೊಡುತ್ತಿದ್ದಳು. ಇಂಗ್ಲಿಷಿನಲ್ಲಿ ಮನೆಯವರೊಬ್ಬರ ಬಗ್ಗೆ ಹತ್ತು ವಾಕ್ಯ ಬರೆಯಬೇಕಂತೆ. ನನ್ನ ಬಗ್ಗೆ ಏನು ಬರೆಯುತ್ತಿದ್ದಳು ಅಂತ ಯೋಚಿಸುತ್ತ ಕೂತೆ, ಒಲೆ ಮೇಲಿನ ಸಾರು ಸೀದುಹೋಯಿತು. ವಿಜ್ಞಾನಕ್ಕೆ ಅರಿಶಿನ ಬಳಿದು ಒಣಗಿಸಿದ ಕಾಗದ ತರಬೇಕು, ಸೋಪಿನ ನೀರು ತಾಗಿಸಿದರೆ ಕೆಂಪಾಗುವುದನ್ನು ತೋರಿಸುತ್ತೀರಿ ಅಂತ ಇತ್ತಲ್ಲ, ನಾನೂ ಮಾಡಿದೆ. ಈ ಪತ್ರದ ಜೊತೆ ಇಟ್ಟಿದ್ದೇನೆ. ಯಾವ ಮಗು ಮರೆತು ಬಂದಿರುತ್ತದೋ ಅದಕ್ಕೆ ಕೊಡಿ.

ಕನ್ನಡದ ಮುಂದೆ 'ಪತ್ರ ಲೇಖನ' ಅಂತ ಇತ್ತು. ಅಲ್ಲಿಗೆ ಬಂದು ಫೋನ್ ಮಗುಚಿಟ್ಟೆ, ಮತ್ತೆ ಎತ್ತಿಕೊಂಡೆ. ಅದಕ್ಕೂ ಕೆಳಗೆ, ಪಟ್ಟಿಯ ಕೊನೆಯಲ್ಲಿ, ಆಗಸ್ಟ್ ಒಂದರಿಂದ ಈ ತರಗತಿಯನ್ನು ಬೇರೆ ಶಿಕ್ಷಕರು ನೋಡಿಕೊಳ್ಳುತ್ತಾರೆ ಅಂತ ಒಂದೇ ಒಂದು ಸಾಲು. ಯಾಕೆ ಅಂತ ನೀವು ಬರೆದಿಲ್ಲ. ಊರಿಗೆಲ್ಲ ಗೊತ್ತು. ನಮ್ಮ ಮನೆಯವರೇ ಅಲ್ಲವೇ ನಿಮ್ಮನ್ನು ಓಡಿಸುತ್ತಿರುವುದು?

ನಾನು ಬಾಯಿ ಜೋರಿನ ಹೆಂಗಸು. ರಿಬ್ಬನ್ ಬಣ್ಣ ಸರಿಯಿಲ್ಲ ಅಂತ ನೀವು ಅವಳನ್ನು ನಿಲ್ಲಿಸಿದಾಗ ಶಾಲೆಯ ಗೇಟಿಗೇ ಬಂದು ನಿಮ್ಮ ಮೇಲೆ ರೇಗಿದ್ದೆ. ಅಂಥ ಬಾಯಿ ಈ ಐದು ತಿಂಗಳು ಹೊಲಿದುಕೊಂಡು ಕೂತಿತ್ತು. ಇವತ್ತು ಬಿಡಿಸುತ್ತೇನೆ. ಪೂರ್ತಿ ಓದಿ.

ಫೆಬ್ರವರಿಯ ಆ ಗುರುವಾರ ನಮ್ಮ ಯಜಮಾನರೂ ಅತ್ತೆ ಮಾವನೂ ನೊಣವಿನಕೆರೆಯಲ್ಲಿ ನೆಂಟರ ಮಗುವಿನ ನಾಮಕರಣಕ್ಕೆ ಹೋಗಿದ್ದರು. ಮಾರನೇ ದಿನ ಕಾಯಿ ಸುಲಿಯುವವರು ಬರುವವರಿದ್ದರು. ವರ್ಷದಿಂದ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಇಳಿಸಬೇಕಿತ್ತು. ನೀವು ಪೇಟೆಯವರು, ನಿಮಗೆ ಗೊತ್ತಿರಲಿಕ್ಕಿಲ್ಲ. ಒಂದೊಂದನ್ನೂ ಕಿವಿಗೆ ಹಿಡಿದು ಅಲ್ಲಾಡಿಸಬೇಕು. ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಅಂದರೆ ಇಳಿಸುವುದು, ನೀರಿನ ಸದ್ದು ಬಂದರೆ ಅಲ್ಲೇ ಬಿಡುವುದು. ಹಸಿಯಿರುವುದನ್ನು ಒಡೆದರೆ ದಂಡ. ನಮ್ಮ ಮನೆಯಲ್ಲಿ ಸಿಂಚನಾಳಷ್ಟು ಚುರುಕು ಕಿವಿ ಯಾರಿಗೂ ಇರಲಿಲ್ಲ. ಅಟ್ಟದ ಮೂಲೆಗೆ ತೂರಿಕೊಳ್ಳುವಷ್ಟು ಸಣ್ಣ ಮೈಯೂ ಅವಳದೇ. "ನಾವ್ ಬಂದ್ಮೇಲೆ ಇಳಿಸಾಣ ಬುಡು, ಮಗೀಗೆ ಸ್ಕೂಲ್ ತಪ್ಪಿಸ್ಬ್ಯಾಡ ಕಣೇ" ಅಂತ ಇವರು ಹೇಳಿಯೇ ಹೋಗಿದ್ದರು. ನಾನು ಕೇಳಲಿಲ್ಲ. ಅವರು ಬರುವಷ್ಟರಲ್ಲಿ ಕೆಲಸ ಮುಗಿಸಿ ಹೊಗಳಿಸಿಕೊಳ್ಳುವ ಚಪಲ ನನಗೆ.

ರಜಾ ಚೀಟಿ ನಾನು ಬರೆಯಲು ಕೂತೆ. "ನಾವ್ ಈಗ ಅದನ್ನೇ ಕಲ್ತಿರೋದು, ನಾನೇ ಬರೀತೀನಿ ಬುಡಮ್ಮ" ಅಂತ ಪೆನ್ನು ಕಿತ್ತುಕೊಂಡಳು. ಯಾವ ಕಾರಣ ಅಂತ ಕೇಳಿದಳು. ಜ್ವರ ಅಂತ ಬರಿ ಅಂದೆ. "ಜ್ವರ ಇಲ್ವಲ್ಲಮ್ಮ" ಅಂದಳು. ಬರಿಯೇ ಸಾಕು ಅಂತ ಗದರಿದೆ. ನೀವು ಕಲಿಸಿದ ಹಾಗೆ ದಿನಾಂಕ, ವಿಷಯ, ವಿಧೇಯ ವಿದ್ಯಾರ್ಥಿನಿ ಎಲ್ಲ ಬರೆದು, ಪೋಷಕರ ಸಹಿ ಅಂತ ಕೆಳಗೆ ಗೀಟು ಎಳೆದು ನನ್ನ ಮುಂದೆ ಹಿಡಿದಳು. ಸಹಿ ಹಾಕಿದೆ. ಪಕ್ಕದ ಮನೆ ರಾಜಣ್ಣನ ಮಗಳು ಅದನ್ನು ಶಾಲೆಗೆ ತಂದಳು.

ಮಧ್ಯಾಹ್ನ ಅಟ್ಟದಿಂದ ಇಳಿದಾಗ ಮೈತುಂಬ ಧೂಳು, ತಲೆಯಲ್ಲಿ ಜೇಡರ ಬಲೆ. ನೆವೆ ನೆವೆ ಅಂತ ಕೆರೆದುಕೊಳ್ಳುತ್ತಿದ್ದಳು. ಕರೆಂಟ್ ಇರಲಿಲ್ಲ, ತೊಟ್ಟಿಯಲ್ಲಿ ಹನಿ ನೀರಿರಲಿಲ್ಲ. ತೋಟದ ಹೊಂಡದಲ್ಲಿ ಕೈಕಾಲು ತೊಳ್ಕೊಂಡು ಬಾ ಹೋಗು ಅಂದವಳು ನಾನು. ಅಲ್ಲಿ ಹಾಸಿರುವ ಪ್ಲಾಸ್ಟಿಕ್ ಶೀಟು ಎಷ್ಟು ಜಾರುತ್ತದೆ ಅಂತ ಗೊತ್ತಿದ್ದೂ ಅಂದೆ. ಅವಳಿಗಿಷ್ಟ ಅಂತ ಹುರುಳಿಕಾಳಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಒಗ್ಗರಣೆಯಾಗಿ ಅನ್ನ ಬಸಿದರೂ ಬರಲಿಲ್ಲ.

ಸಂಜೆ ಇವರು ಓಡಿ ಬಂದು, ಸ್ಕೂಲಿಗೆ ಹೋಗಿದ್ದ ಮಗು ಹೊಂಡಕ್ಕೆ ಹೇಗೆ ಬಂತು ಅಂತ ನನ್ನ ಭುಜ ಹಿಡಿದು ಅಲ್ಲಾಡಿಸಿದರು. ನಾನು ಸ್ಕೂಲಿಗೇ ಕಳಿಸಿದ್ದೆ ಅಂದುಬಿಟ್ಟೆ. ಆ ಮುಖ ನೋಡಿ ಬೇರೆ ಮಾತು ಹೊರಡಲಿಲ್ಲ. ಗುರುವಾರ ಸಮವಸ್ತ್ರ ಇಲ್ಲದ ದಿನ, ಹಾಗಾಗಿ ಅವಳ ಮೈಮೇಲಿನ ಬಟ್ಟೆ ನೋಡಿಯೂ ಯಾರಿಗೂ ಅನುಮಾನ ಬರಲಿಲ್ಲ. ಅಟ್ಟದ ಕಾಯಿ ನಾನೊಬ್ಬಳೇ ಇಳಿಸಿದ್ದು ಅಂದುಕೊಂಡರು. ಹಿಂದಿನ ದಿನ ಭಿನ್ನರಾಶಿ ತಪ್ಪು ಮಾಡಿದ್ದಕ್ಕೆ ನೀವು ಬೈದದ್ದನ್ನು ಮಕ್ಕಳು ಹೇಳಿದರು. ನಮ್ಮ ಮಾವನ ತಮ್ಮ ಹುಚ್ಚಣ್ಣನವರು, "ಆ ಮೇಡಮ್ಮಂಗೆ ಹೆದರ್ಕೊಂಡೇ ಮಗ ಸ್ಕೂಲ್ ತಪ್ಪಿಸಿ ತ್ವಾಟದ್ ಕಡೀಕ್ ಬಂದೈತೆ ಕಣಪ್ಪ" ಅಂದರು. ಎಲ್ಲರೂ ಅದನ್ನೇ ಹಿಡಿದುಕೊಂಡರು. ಹನ್ನೊಂದನೇ ದಿನ ಶಾಲೆಯ ಅಂಗಳಕ್ಕೆ ಹೋಗಿ ನಿಮ್ಮನ್ನು ಏನೇನೋ ಅಂದರು. ನಾನೂ ಹಿಂದೆ ನಿಂತಿದ್ದೆ. ನೀವು ತಲೆ ಬಗ್ಗಿಸಿ ಅಳುತ್ತಿದ್ದಿರಿ. ಚೀಟಿಯ ಮಾತನ್ನೇ ನೀವು ಎತ್ತಲಿಲ್ಲ. ಅದು ನಿಮಗೆ ತಲುಪಿಯೇ ಇಲ್ಲ, ಎಲ್ಲೋ ಬಿದ್ದುಹೋಗಿದೆ ಅಂತ ನಾನು ಸಮಾಧಾನ ಮಾಡಿಕೊಂಡೆ. ಎಂಥ ಪಾಪಿ ನೋಡಿ.

ಮೊನ್ನೆ ಅರಿಶಿನದ ಕಾಗದ ಕೇಳಲು ರಾಜಣ್ಣನ ಮಗಳು ಬಂದಿದ್ದಳು. ನನ್ನ ಕಣ್ಣೀರು ನೋಡಿ ತಡೆಯಲಾರದೆ ಹೇಳಿದಳು. "ಆ ಚೀಟಿ ಮೇಡಂ ಹಾಜರಿ ಪುಸ್ತಕದಾಗೇ ಮಡಗವ್ರೆ ಆಂಟಿ. ಸಹೀನೂ ಸಿಂಚುನೇ ಹಾಕ್ಕೊಂಡವಳೆ, ತೋರ್ಸುದ್ರೆ ಸತ್ತೋದ್ ಮಗೀಗೆ ಸುಳ್ಳಿ ಅಂತಾರೆ, ಯಾರ್ಗೂ ಹೇಳ್ಬ್ಯಾಡ ಅಂದವ್ರೆ."

ಮೇಡಂ, ನೀವು ನನ್ನ ಮಗಳ ಮಾನ ಕಾಪಾಡಲು ಬೈಸಿಕೊಂಡಿರಿ. ಹೆತ್ತ ನಾನು ನನ್ನದನ್ನು ಕಾಪಾಡಿಕೊಳ್ಳುತ್ತಿದ್ದೆ. ಎಕ್ಕಡ ತೆಗೆದುಕೊಂಡು ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು.

ಇವತ್ತು ಬೆಳಿಗ್ಗೆ ಇವರಿಗೆ ಎಲ್ಲ ಹೇಳಿದೆ. ರೊಟ್ಟಿ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. "ಅವತ್ತು ನನ್ ಮುಖ ನೋಡ್ಕೊಂಡೇ ಸ್ಕೂಲಿಗ್ ಕಳ್ಸಿದ್ದೆ ಅಂದ್ಯಲ್ಲೇ" ಅಂದರು, ಅಷ್ಟೇ. ತಟ್ಟೆ ಬಿಟ್ಟು ಎದ್ದು ತೋಟಕ್ಕೆ ಹೋದರು, ಇನ್ನೂ ಬಂದಿಲ್ಲ. ನನ್ನನ್ನು ಈ ಮನೆಯಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು.

ಶನಿವಾರ ಶಾಲಾ ಸಮಿತಿಯ ಸಭೆ ಇದೆಯಂತೆ. ಈ ಪತ್ರವನ್ನು ಅಲ್ಲಿ ಗಟ್ಟಿಯಾಗಿ ಓದಿಸಿ. ನಾನೂ ಬರುತ್ತೇನೆ, ಹುಚ್ಚಣ್ಣನವರ ಎದುರೇ ನಿಲ್ಲುತ್ತೇನೆ. ನಿಮ್ಮ ವರ್ಗಾವಣೆಯ ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಿ ಮೇಡಂ. ಪಟ್ಟಿಯಲ್ಲಿರುವ ಪಾಠಗಳನ್ನೆಲ್ಲ ಆ ಮಕ್ಕಳಿಗೆ ನೀವೇ ಕಲಿಸಬೇಕು. ಅವಳು ಕಲಿಯಬೇಕಿದ್ದದ್ದು ನಿಮ್ಮಿಂದ. ನನ್ನನ್ನು ಕ್ಷಮಿಸಿ ಅಂತ ಕೇಳುವ ಮುಖ ನನಗಿಲ್ಲ.

ಇಂತಿ,
ಆರನೇ ತರಗತಿಯ ಸಿಂಚನಾಳ ತಾಯಿ,
ಸುನಂದಾ

ಮರೆತಿದ್ದೆ: ಈ ಸಹಿಯನ್ನೂ ಚೀಟಿಯಲ್ಲಿರುವ ಸಹಿಯನ್ನೂ ಪಕ್ಕಪಕ್ಕದಲ್ಲಿಟ್ಟು ಸಭೆಯವರಿಗೆ ತೋರಿಸಿ. ಎರಡೂ ನನ್ನವೇ. ಅವಳು ಸುಳ್ಳಿಯಲ್ಲ. ಸಭೆ ಮುಗಿದ ಮೇಲೆ ಆ ಚೀಟಿ ನನಗೆ ಕೊಡಿ, ಅವಳ ಕೈ ಬರೆದ ಕೊನೆಯ ಅಕ್ಷರ ಅದು. 'ಒಂದು ದಿನದ ರಜೆ' ಅಂತ ಬರೆದು ತಲೆ ಎತ್ತಿ, "ನಾಳೆ ಹೋಗ್ತೀನಿ ತಾನೇ ಅಮ್ಮ" ಅಂತ ಕೇಳಿದಳು. ಹೂಂ ಅಂದಿದ್ದೆ.